ಮೋಚಿಯ ಕಿಟಕಿ, ಮೋಚಿಯ ಪೆಟ್ಟಿಗೆ ಅಂಗಡಿ

ದಲಿತ ವಿಮರ್ಶೆಯ ಈ ಸಂಚಿಕೆಗೆ ನಾನು ಒಂದು ರಷ್ಯನ್ ಕತೆ ಹಿಡಿದುಕೊಂಡು ಬಂದಿದ್ದೇನೆ. ಅದೂ ಕ್ರಿಸ್ತನ ಕತೆ. ಇದನ್ನು ಕೇಳಿ ಸಂಘಟನೆಯ ಗೆಳೆಯರೊಬ್ಬರು ‘ದೇವರು ದಿಂಡರು ಎಲ್ಲ ಬಿಟ್ಟು ಬಂದವರು ನಾವು, ಮತ್ತೆ ಯಾಕ್ರೀ ಈ ಭಜನೆ?’ ಅಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ದೇವರ ಹೆಸರಿನಲ್ಲಿ ನಮ್ಮವರು ತಿಂದ ಏಟು ಸಣ್ಣದಲ್ಲ. ಆದರೆ ನಾವು ಬಿಟ್ಟು ಬಂದೆವು ಅಂದ ಮಾತ್ರಕ್ಕೆ ದೇವರು ನಮ್ಮ ಕೇರಿಗಳನ್ನು ಬಿಟ್ಟು ಹೋಗಿಲ್ಲ. ಮಾರಮ್ಮನಾಗಿ, ಮಂಟೇಸ್ವಾಮಿಯಾಗಿ ಓಡಾಡಿಕೊಂಡಿದ್ದಾನೆ, ಕೆಲವು ಕೇರಿಗಳಲ್ಲಿ ಯೇಸಪ್ಪನಾಗಿಯೂ. ಮೊದಲ ಇಬ್ಬರ ಬಗ್ಗೆ ದಲಿತ ವಿಮರ್ಶೆ ಸಾಕಷ್ಟು ಮಾತಾಡಿದೆ. ಗ್ರಾಮದೇವತೆಗಳ ಜೊತೆ ಜನ ಜಗಳವಾಡುವ, ಚೌಕಾಸಿ ಮಾಡುವ ರೀತಿಯನ್ನು ಸಿದ್ಧಲಿಂಗಯ್ಯನವರು ಬರೆದು ತೋರಿಸಿದ ಮೇಲೆ ‘ಮೂಢನಂಬಿಕೆ’ ಎಂಬ ಒಂದೇ ಪದದಲ್ಲಿ ಆ ಲೋಕವನ್ನು ಮುಗಿಸಿಬಿಡುವುದು ಯಾರಿಗೂ ಸಾಧ್ಯವಾಗಲಿಲ್ಲ. ಮೂರನೆಯವನ ವಿಷಯಕ್ಕೆ ಬಂದರೆ ಮಾತ್ರ ನಮಗೆ ಒಂದು ಬಗೆಯ ಮುಜುಗರ. ಅವನು ಮಿಷನ್ನಿನವರ ದೇವರು, ಅವನನ್ನು ನಂಬಿದವರು ಬ್ರೆಡ್ಡಿಗೆ ಹೋದವರು ಅಂತ ಸುಮ್ಮನಾಗಿದ್ದೇವೆ. ನಾನು ಹುಟ್ಟಿದ್ದು ಅಂಥದೊಂದು ಕೇರಿಯಲ್ಲಿ.

ಕ್ರೈಸ್ತ ಉಪದೇಶಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ದೀನರಲ್ಲಿ ದೇವರನ್ನು ಕಾಣಿರಿ, ದಿನನಿತ್ಯದ ಸಾಮಾನ್ಯ ಜನರ ಬದುಕಿನಲ್ಲಿ ದೈವವನ್ನು ಗುರುತಿಸಿರಿ. ಕೇಳಲು ಚೆಂದ. ಆದರೆ ಈ ಮಾತು ಯಾರನ್ನು ಉದ್ದೇಶಿಸಿ ಆಡಿದ್ದು? ಕಾಣುವವರು ಒಂದು ಕಡೆ, ಕಾಣಿಸಿಕೊಳ್ಳುವ ದೀನರು ಇನ್ನೊಂದು ಕಡೆ. ಕೇರಿಯವನು ಈ ವಾಕ್ಯದಲ್ಲಿ ಯಾವಾಗಲೂ ಕರ್ಮಪದ, ಕರ್ತೃಪದ ಅಲ್ಲ. ನಮ್ಮ ವಿಮರ್ಶೆ ಹಿಡಿದು ಕೇಳಬೇಕಾದದ್ದು ಈ ವ್ಯಾಕರಣವನ್ನು.

ಟಾಲ್‌ಸ್ಟಾಯ್ 1885ರಲ್ಲಿ ಬರೆದ ಆ ಸಣ್ಣ ಕತೆ ಬಹಳ ಜನರಿಗೆ ಗೊತ್ತು. ಪ್ರೀತಿ ಇರುವಲ್ಲಿ ದೇವರು ಎಂಬ ಅರ್ಥ ಬರುವ ಹೆಸರು ಅದಕ್ಕೆ. (ಕತೆಯ ಮೂಲ ಫ್ರೆಂಚಿನ ರೂಬೆನ್ ಸೈಯಾನ್ಸ್ ಎಂಬ ಪಾದ್ರಿಯದು. ಅದು ಗೊತ್ತಿಲ್ಲದೆಯೇ ಟಾಲ್‌ಸ್ಟಾಯ್ ಅದನ್ನು ತನ್ನ ನೆಲಕ್ಕೆ ತಂದುಕೊಂಡ.) ಮಾರ್ಟಿನ್ ಅವ್‌ದೇಯಿಚ್ ಎಂಬ ಮೋಚಿ. ಹೆಂಡತಿ ಸತ್ತಿದ್ದಾಳೆ, ಕೈಗೆ ಬಂದ ಮಗನೂ ಸತ್ತಿದ್ದಾನೆ. ದೇವರ ಮೇಲೆ ಮುನಿಸಿಕೊಂಡಿದ್ದ ಅವನು ಊರ ಕಡೆಯ ಒಬ್ಬ ಮುದುಕನ ಮಾತು ಕೇಳಿ ದಪ್ಪಕ್ಷರದ ಹೊಸ ಒಡಂಬಡಿಕೆ ಕೊಂಡು ರಾತ್ರಿ ಓದಲು ಶುರುಮಾಡುತ್ತಾನೆ. ಒಂದು ರಾತ್ರಿ ಓದುತ್ತಾ ನಿದ್ದೆ ಹೋದವನಿಗೆ ಒಂದು ದನಿ ಕೇಳುತ್ತದೆ: ನಾಳೆ ಬೀದಿ ಕಡೆ ನೋಡುತ್ತಿರು, ಬರುತ್ತೇನೆ.

ಈ ಕತೆಯ ಜೀವ ಇರುವುದು ಆ ಮೋಚಿಯ ಕಿಟಕಿಯಲ್ಲಿ. ಅವನ ಕೋಣೆ ನೆಲಮಾಳಿಗೆಯಲ್ಲಿದೆ. ಇರುವ ಒಂದೇ ಕಿಟಕಿಯಿಂದ ಬೀದಿಯ ಜನರ ಕಾಲು ಮಾತ್ರ ಕಾಣುತ್ತದೆ. ಮುಖ ಕಾಣುವುದಿಲ್ಲ. ಆದರೂ ಅವನಿಗೆ ಜನ ಯಾರು ಅಂತ ಗೊತ್ತಾಗುತ್ತದೆ, ಯಾಕೆಂದರೆ ಆ ಬೀದಿಯಲ್ಲಿ ಅವನ ಕೈಗೆ ಒಂದೆರಡು ಸಲ ಬಾರದ ಬೂಟೇ ಕಡಿಮೆ. ಅಟ್ಟೆ ಹಾಕಿದ್ದು, ತೇಪೆ ಹಾಕಿದ್ದು, ಹೊಲಿಗೆ ಹಾಕಿದ್ದು ನೋಡಿ ಮನುಷ್ಯನನ್ನು ಗುರುತಿಸುತ್ತಾನೆ. ಇಲ್ಲಿ ಗುರುತಿಸುವ ಶಕ್ತಿ ಭಕ್ತಿಯಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಅವನು ಆ ರಾತ್ರಿ ಓದುತ್ತಿದ್ದದ್ದು ಕೂಡ ಕಾಲಿನ ಕತೆಯೇ: ಊಟಕ್ಕೆ ಕರೆದ ಶ್ರೀಮಂತ ಫರಿಸಾಯ ಕಾಲಿಗೆ ನೀರು ಕೊಡಲಿಲ್ಲ, ಊರೆಲ್ಲ ಹಳಿಯುವ ಹೆಂಗಸು ಕಣ್ಣೀರಲ್ಲಿ ಆ ಕಾಲು ತೊಳೆದಳು ಅನ್ನುವ ಲೂಕನ ಭಾಗ. ನಮ್ಮ ದೇಶದಲ್ಲಿ ಪಾದ ಅಂದರೆ ಏನು, ಪಾದದಿಂದ ಹುಟ್ಟಿದವರು ಅಂದರೆ ಯಾರು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಇನ್ನು ಪಾದದ ಕೆಳಗಿನ ಚರ್ಮ ಹದ ಮಾಡುವವನ ಜಾಗ ಎಲ್ಲಿ ಅಂತ ಪುರುಷಸೂಕ್ತಕ್ಕೂ ನೆನಪಾಗಲಿಲ್ಲ.

ಮರುದಿನ ಮಾರ್ಟಿನ್ ಕಿಟಕಿಯಲ್ಲಿ ಕಾಯುತ್ತಾನೆ. ಹಿಮ ಗುಡಿಸುವ ಮುದಿ ಸಿಪಾಯಿ ಸ್ಟೆಪಾನಿಚ್ ಕಾಣುತ್ತಾನೆ. ಕರೆದು ಟೀ ಕೊಡುತ್ತಾನೆ. ಚಳಿಗೆ ತೆಳುಬಟ್ಟೆಯಲ್ಲಿ ಕೂಸು ಎತ್ತಿಕೊಂಡ ಹೆಂಗಸು ಕಾಣುತ್ತಾಳೆ. ಒಳಗೆ ಕೂರಿಸಿ ಎಲೆಕೋಸಿನ ಸಾರು ಬಡಿಸುತ್ತಾನೆ, ಹಳೇ ಕೋಟು ಕೊಡುತ್ತಾನೆ, ಅಡ ಇಟ್ಟ ಶಾಲು ಬಿಡಿಸಿಕೊಳ್ಳಲು ಕಾಸು ಕೊಡುತ್ತಾನೆ. ಸೇಬು ಮಾರುವ ಮುದುಕಿ, ಸೇಬು ಕದ್ದ ಹುಡುಗ, ಇಬ್ಬರ ಜಗಳ ಬಿಡಿಸುತ್ತಾನೆ. ರಾತ್ರಿ ಆ ದನಿ ಮತ್ತೆ ಬಂದು, ಬಂದದ್ದೆಲ್ಲ ನಾನೇ ಅನ್ನುತ್ತದೆ.

ಭಾನುವಾರದ ಶಾಲೆಯಲ್ಲಿ ಟೀಚರು ಹೇಳಿದ ಈ ಕತೆಯನ್ನು ನಾನು ಮನೆಗೆ ಬಂದು ಅವ್ವನಿಗೆ ಹೇಳಿದ್ದೆ. ಅವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಓದು ಬಾರದವಳು. ರಾತ್ರಿ ಬಂದ ದನಿಯ ಬಗ್ಗೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಕೇಳಿದ್ದು ಒಂದೇ:

‘ಆಯಮ್ಮ ಮೋಚಿ ಮನೇಲಿ ಸಾರು ಉಂಡ್ಳಾ?’

‘ಹೂಂ ಕನವ್ವ, ಉಂಡ್ಳು.’

‘ಹಂಗಾರೆ ಅದು ನಮ್ ದೇಸದ್ ಕತೆ ಅಲ್ಲ ಕನ ಮಗ.’

ಆಮೇಲೆ ನಾನು ವಿಮರ್ಶೆಯ ಪುಸ್ತಕಗಳನ್ನು ಬೇಕಾದಷ್ಟು ಓದಿದ್ದೇನೆ. ಈ ಕತೆಯ ಮೇಲೆ ಇದಕ್ಕಿಂತ ಸರಿಯಾದ ವಿಮರ್ಶೆ ಕಂಡಿಲ್ಲ. ಟಾಲ್‌ಸ್ಟಾಯ್‌ನ ಮೋಚಿ ಬಡವ, ಅಷ್ಟೆ. ಮುಟ್ಟಿಸಿಕೊಳ್ಳಬಾರದವನಲ್ಲ. ಹಾಗಾಗಿ ಅವನು ಕೊಟ್ಟ ಟೀಯನ್ನು ಸ್ಟೆಪಾನಿಚ್ ಕುಡಿಯುತ್ತಾನೆ, ಲೋಟ ಬೋರಲು ಹಾಕಿ ಸಾಕು ಅಂದವನು ಮತ್ತೊಂದು ಲೋಟ ಕುಡಿಯುತ್ತಾನೆ, ಕತೆ ಮುಂದಕ್ಕೆ ಹೋಗುತ್ತದೆ. ಇದೇ ಕತೆ ಬಯಲುಸೀಮೆಯ ಒಂದು ಹಳ್ಳಿಯಲ್ಲಿ ನಡೆದಿದ್ದರೆ ಟೀ ಹತ್ತಿರವೇ ಮುರಿದು ಬೀಳುತ್ತಿತ್ತು. ಹೋಟೆಲಿನಲ್ಲಿ ನಮಗೇ ಬೇರೆ ಲೋಟ ಇಟ್ಟಿದ್ದ ಊರಿನಲ್ಲಿ ನಮ್ಮ ಲೋಟಕ್ಕೆ ಯಾರು ಬಾಯಿ ಹಾಕುತ್ತಾರೆ? ಪಾದ್ರಿಗಳು ಉಪದೇಶದಲ್ಲಿ ಈ ಕತೆ ಹೇಳುವಾಗ ರಾತ್ರಿಯ ದನಿಯನ್ನು ಪವಾಡವಾಗಿ ಹೇಳುತ್ತಾರೆ. ಭಾರತದ ಓದುಗನಿಗೆ ಪವಾಡ ನಡೆಯುವುದು ಬೆಳಿಗ್ಗೆ, ಟೀ ಲೋಟದಲ್ಲಿ.

ಇನ್ನೂ ಒಂದು ಸೂಕ್ಷ್ಮ ಇದೆ. ಮಾರ್ಟಿನ್ ಇಡೀ ದಿನ ಕ್ರಿಸ್ತನಿಗಾಗಿ ಕಾಯುತ್ತಾನೆಯೇ ಹೊರತು ಸ್ಟೆಪಾನಿಚ್‌ನಲ್ಲಿ ಕ್ರಿಸ್ತನನ್ನು ಕಾಣುವುದಿಲ್ಲ. ಅವನಿಗೆ ಕಾಣುವುದು ಚಳಿಗೆ ನಡುಗುವ ಮುದುಕ. ಟೀ ಕೊಡುವಾಗಲೂ ಅವನ ಕಣ್ಣು ಕಿಟಕಿ ಕಡೆಗೇ. ಮತ್ತಾಯನ 25ನೇ ಅಧ್ಯಾಯದಲ್ಲಿ ಬರುವ ನ್ಯಾಯತೀರ್ಪಿನ ದೃಷ್ಟಾಂತದಲ್ಲೂ ಹೀಗೆಯೇ. ಹಸಿದವನಿಗೆ ಅನ್ನ, ಬತ್ತಲೆ ಇದ್ದವನಿಗೆ ಬಟ್ಟೆ ಕೊಟ್ಟವರಿಗೆ, ತಾವು ಹಾಗೆ ಕೊಟ್ಟದ್ದು ದೇವರಿಗೆ ಅನ್ನುವುದೇ ಗೊತ್ತಿಲ್ಲ, ಕೇಳಿ ಬೆರಗಾಗುತ್ತಾರೆ. ಅಂದರೆ ಬಡವನಲ್ಲಿ ದೇವರನ್ನು ಗುರುತಿಸಬೇಕು ಅಂತ ಆ ದೃಷ್ಟಾಂತ ಎಲ್ಲೂ ಹೇಳುವುದಿಲ್ಲ. ಅನ್ನ ಕೊಟ್ಟೆಯಾ ಅಂತ ಕೇಳುತ್ತದೆ. ಮನುಷ್ಯ ಮೊದಲು, ದೇವರು ಆಮೇಲೆ. ಈ ಸರದಿಯನ್ನು ತಿರುವುಮುರುವು ಮಾಡಿದಾಗ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ.

‘ಹರಿಜನ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅಸ್ಪೃಶ್ಯರಲ್ಲಿ ದೈವವನ್ನು ಕಾಣುವ ಅತ್ಯಂತ ದೊಡ್ಡ ಪ್ರಯತ್ನ ಅದು. ಗಾಂಧಿಯ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆ ಪದ ಕಾನೂನಿನೊಳಗೆ ಬಂದಾಗ ಅಂಬೇಡ್ಕರ್ ತಮ್ಮ ಪಕ್ಷದವರನ್ನು ಕರೆದುಕೊಂಡು ಸಭೆಯಿಂದ ಹೊರನಡೆದರು. ನಮ್ಮನ್ನು ಏನೆಂದು ಕರೆಯಬೇಕು ಅಂತ ನಮ್ಮನ್ನು ಕೇಳಿದಿರಾ ಎಂಬ ಪ್ರಶ್ನೆ ಅದರಲ್ಲಿತ್ತು. ಡಿ.ಆರ್. ನಾಗರಾಜ್ 1993ರ ತಮ್ಮ ಪುಸ್ತಕದಲ್ಲಿ ಗಾಂಧಿಯದು ಆತ್ಮಶುದ್ಧಿಯ ಮಾರ್ಗ, ಅಂಬೇಡ್ಕರರದು ಆತ್ಮಗೌರವದ ಮಾರ್ಗ ಎಂದು ಬಿಡಿಸಿದರು. ಆತ್ಮಶುದ್ಧಿಯಲ್ಲಿ ಶುದ್ಧಿಯಾಗುವವನು ಸವರ್ಣೀಯ. ಅಸ್ಪೃಶ್ಯ ಅದಕ್ಕೆ ಬೇಕಾದ ನೀರು. ಎರಡೂ ಮಾರ್ಗ ಒಂದನ್ನೊಂದು ತಿದ್ದಿದವು ಅಂತಲೂ ಡಿ.ಆರ್. ಹೇಳುತ್ತಾರೆ. ಅದು ನಿಜವಿರಬಹುದು. ಆದರೂ ನೋಡುವವನ ಜಾಗ ಬದಲಾಗಲಿಲ್ಲ.

ಕುವೆಂಪು ಅವರ ‘ಜಲಗಾರ’ (1928) ಇದಕ್ಕಿಂತ ಮುಂದೆ ಹೋಗುತ್ತದೆ. ಊರಿಗೆ ಊರೇ ಶಿವಗುಡಿಯ ಜಾತ್ರೆಗೆ ಹೊರಟಿರುವಾಗ ಬೀದಿ ಗುಡಿಸುವವನು ಬೀದಿಯಲ್ಲೇ ಉಳಿಯುತ್ತಾನೆ. ಶಿವ ಗುಡಿ ಬಿಟ್ಟು ಇವನ ಹತ್ತಿರ ಬರುತ್ತಾನೆ, ಅದೂ ಜಲಗಾರನ ವೇಷದಲ್ಲಿ. ತಾನೂ ಲೋಕದ ಕಸ ಗುಡಿಸುವವನೇ ಅನ್ನುತ್ತಾನೆ. ಇಪ್ಪತ್ತರ ಹರೆಯದ ಶೂದ್ರ ಕವಿಯೊಬ್ಬ ಆ ಕಾಲದಲ್ಲಿ ಇದನ್ನು ಬರೆದದ್ದು ಸಣ್ಣ ಧೈರ್ಯವಲ್ಲ. ಪುರೋಹಿತನ ಕೈಯಿಂದ ಶಿವನನ್ನು ಬಿಡಿಸಿದ್ದು ಆ ನಾಟಕದ ಗೆಲುವು. ಆದರೆ ಕೇರಿಯಿಂದ ನೋಡಿದರೆ ಒಂದು ಸಂಕಟ ಉಳಿದೇ ಉಳಿಯುತ್ತದೆ. ಶಿವ ಪೊರಕೆ ಹಿಡಿದ, ಸರಿ. ಜಲಗಾರನ ಕೈಯಿಂದ ಪೊರಕೆ ಇಳಿಯಲಿಲ್ಲ. ಗುಡಿಸುವ ಕೆಲಸಕ್ಕೆ ದೈವದ ಒಪ್ಪಿಗೆ ಸಿಕ್ಕಿತು, ಬಿಡುಗಡೆ ಸಿಗಲಿಲ್ಲ. ಇದು ಕವಿಯ ತಪ್ಪು ಅಂತಲ್ಲ, ದರ್ಶನದಲ್ಲಿ ಮುಗಿಯುವ ಕೃತಿಗಳ ಮಿತಿಯೇ ಹಾಗೆ. ಅದರ ಸರ್ಕಾರಿ ರೂಪವನ್ನು 2019ರ ಫೆಬ್ರವರಿಯಲ್ಲಿ ಪ್ರಯಾಗದ ಕುಂಭಮೇಳದಲ್ಲಿ ದೇಶವೇ ಟಿ.ವಿ.ಯಲ್ಲಿ ನೋಡಿತು: ಪ್ರಧಾನಿ ಪೌರಕಾರ್ಮಿಕರ ಕಾಲು ತೊಳೆದರು. ಮಲ ಹೊರುವ ಪದ್ಧತಿಯ ವಿರುದ್ಧ 2013ರಲ್ಲೇ ಹೊಸ ಕಾನೂನು ಆಗಿತ್ತು. ಮ್ಯಾನ್‌ಹೋಲಿಗೆ ಇಳಿದು ಸಾಯುವುದು ಆ ಕಾನೂನಿಗೂ ನಿಲ್ಲಲಿಲ್ಲ, ಈ ಕಾಲು ತೊಳೆಯುವಿಕೆಗೂ ನಿಲ್ಲಲಿಲ್ಲ.

ಕ್ರೈಸ್ತ ಚಿಂತನೆಯ ಒಳಗಿನಿಂದಲೇ ಈ ಗಂಟನ್ನು ಬಿಚ್ಚಲು ನೋಡಿದವರು ಅರವಿಂದ ಪಿ. ನಿರ್ಮಲ್. ಮಹಾರಾಷ್ಟ್ರದ ದಲಿತ ಮೂಲದವರು. 1981ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ, ಶೂದ್ರ ದೈವಶಾಸ್ತ್ರವೊಂದರ ಕಡೆಗೆ ಎಂದು ಭಾಷಣ ಮಾಡಿದರು. ಮುಂದೆ ದಲಿತ ದೈವಶಾಸ್ತ್ರ ಎಂದು ಹೆಸರಾದದ್ದರ ಮೊದಲ ಹೆಜ್ಜೆ ಅದು. ನಮ್ಮ ದಲಿತ-ಬಂಡಾಯದ ಬಿಸಿ ಇನ್ನೂ ಆರದಿದ್ದ ಕಾಲ, ಅದೇ ಊರು. ಆದರೂ ಒಂದು ಇನ್ನೊಂದರ ಕಿವಿಗೆ ಬಿದ್ದ ಹಾಗೆ ಕಾಣುವುದಿಲ್ಲ. ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ನಾವು ಕನ್ನಡದಲ್ಲಿ ಕೂಗುತ್ತಿದ್ದೆವು.

ಅಲ್ಲಿಯವರೆಗೆ ಭಾರತೀಯ ಕ್ರೈಸ್ತ ಚಿಂತನೆ ಅಂದರೆ ಯೇಸುವನ್ನು ವೇದಾಂತದ ಭಾಷೆಗೆ ತರುವುದು. ಮತಾಂತರಗೊಂಡ ಮೇಲುಜಾತಿಯ ಪಂಡಿತರು ಮಾಡಿದ ಕೆಲಸ ಅದು. ಚರ್ಚಿನ ಬೆಂಚಿನಲ್ಲಿ ಕೂತವರಲ್ಲಿ ಬಹುಪಾಲು ಜನ ಕೇರಿಯವರು. ಅವರ ಅನುಭವ ಈ ಪಾಂಡಿತ್ಯದಲ್ಲಿ ಎಲ್ಲಿದೆ ಅಂತ ನಿರ್ಮಲ್ ಕೇಳಿದರು. ಅರಿವಿಗಿಂತ, ಕ್ರಿಯೆಗಿಂತ ಮುಂಚೆ ನೋವು ಇದೆ ಎಂದರು. ಯೇಸುವಿನ ವಂಶಾವಳಿಯಲ್ಲಿ ಬರುವ ಮಾನಗೆಟ್ಟವರೆಂದು ಹೆಸರಾದ ಹೆಂಗಸರನ್ನು ತೋರಿಸಿ ಅವನನ್ನೇ ದಲಿತ ಎಂದರು. ಜೆರುಸಲೇಮಿನ ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ ಪ್ರಸಂಗವನ್ನು ನಮ್ಮ ದೇವಾಲಯ ಪ್ರವೇಶದ ಹೋರಾಟದ ಕಣ್ಣಿನಿಂದ ಓದಿದರು. ಎಲ್ಲಕ್ಕಿಂತ ಮುಖ್ಯವಾಗಿ, ಬೈಬಲಿನ ದೇವರು ಸೇವಕನಾದ ದೇವರು ಅಂತ ನಾವು ಸಲೀಸಾಗಿ ಹೇಳುತ್ತೇವಲ್ಲ, ಹಾಗಾದರೆ ನಮ್ಮ ಮನೆಯ ಕಸದವಳು, ಅಗಸ, ಭಂಗಿ, ಇವರೇ ನಮ್ಮ ದೇವರು ಅನ್ನಲು ತಯಾರಿದ್ದೇವಾ ಅಂತ ಕೇಳಿದರು.

ಈ ಮಾತು ಮೇಲುನೋಟಕ್ಕೆ ‘ಜಲಗಾರ’ದ ಮಾತಿನ ಹಾಗೇ ಇದೆ. ವ್ಯತ್ಯಾಸ ಇರುವುದು ಆಡಿದವರ ಜಾಗದಲ್ಲಿ. ನಿರ್ಮಲ್ ಆ ಸೇವಕರ ಮಗನಾಗಿ, ತನ್ನ ಹಿಂದಿನವರ ಕಸುಬನ್ನು ನೆನೆಯುತ್ತಾ ಇದನ್ನು ಹೇಳುತ್ತಾರೆ. ಭಂಗಿ ದೇವರು ಅಂದಾಗ ಅಲ್ಲಿ ಮುಜುಗರಕ್ಕೆ ಒಳಗಾಗಬೇಕಾದವನು ಭಂಗಿಯಲ್ಲ, ಎದುರಿಗೆ ಕೂತ ಪಾದ್ರಿ. ಆದರೂ ನನಗೆ ನಿರ್ಮಲ್ ಬಗ್ಗೆ ಪೂರ್ತಿ ಸಮಾಧಾನವಿಲ್ಲ. ಸೇವೆಯಲ್ಲಿ ದೈವತ್ವ ಇದೆ ಅನ್ನುತ್ತಾ ಅನ್ನುತ್ತಾ ಚಾಕರಿಯನ್ನೇ ಪೂಜೆ ಮಾಡುವ ಅಪಾಯ ಅಲ್ಲಿಯೂ ಇದೆ. ಕಸದವಳಲ್ಲಿ ದೇವರಿದ್ದರೆ ಅದು ಅವಳು ಕಸ ಗುಡಿಸುವುದರಿಂದಲ್ಲ. ಅವಳು ಸಾಯಂಕಾಲ ಮನೆಗೆ ಬಂದು ಮಗಳ ತಲೆಗೆ ಎಣ್ಣೆ ಹಚ್ಚುವಾಗ, ಸಂಘದ ಮೀಟಿಂಗಿನಲ್ಲಿ ಕೂಲಿ ಕೇಳುವಾಗ, ಸುಮ್ಮನೆ ಎಲೆಅಡಿಕೆ ಹಾಕಿಕೊಂಡು ಜಗಲಿ ಮೇಲೆ ಕೂತಾಗಲೂ ಇರಬೇಕಲ್ಲ?

ಈ ದಿಕ್ಕಿನಲ್ಲಿ ಹೆಚ್ಚು ದೂರ ಹೋದವರು ದೈವಶಾಸ್ತ್ರಜ್ಞರಲ್ಲ, ಬಾಮಾ. 1992ರ ‘ಕರುಕ್ಕು’ವಿನಲ್ಲಿ ನಾಯ್ಕರ ಮನೆಯಲ್ಲಿ ದುಡಿಯುವ ಅಜ್ಜಿಗೆ ಮುಟ್ಟದೆ ಮೇಲಿನಿಂದ ನೀರು ಸುರಿಯುತ್ತಾರೆ, ಉಳಿದ ಅನ್ನ ಹಾಕುತ್ತಾರೆ. ಅಜ್ಜಿಗೆ ಆ ಅನ್ನವೇ ಅಮೃತ. ಬಾಮಾ ಅಜ್ಜಿಯ ಈ ನಂಬಿಕೆಯನ್ನು ದಿವ್ಯ ಮಾಡುವುದಿಲ್ಲ, ಗೇಲಿಯೂ ಮಾಡುವುದಿಲ್ಲ. ಬಡ ಮಕ್ಕಳ ಸೇವೆ ಮಾಡಬೇಕು ಅಂತ ಕನ್ಯಾಸ್ತ್ರೀಯಾಗಿ ಹೋದವರು, ಮಠದೊಳಗೆ ಉಳ್ಳವರ ಮಕ್ಕಳಿಗೆ ಸಿಗುವ ಮರ್ಯಾದೆಯನ್ನೂ ಕೇರಿಯ ಮಕ್ಕಳಿಗೆ ಬೀಳುವ ಚಾಕರಿಯನ್ನೂ ನೋಡಿ, ಏಳು ವರ್ಷದ ಮೇಲೆ ಹೊರಗೆ ಬಂದರು. ದೇವರನ್ನು ಬಿಟ್ಟು ಬರಲಿಲ್ಲ. ಕೇರಿಗೆ ವಾಪಸು ಬಂದರು. ಅಲ್ಲಿ ಮನುಷ್ಯರ ನಗು, ಬೈಗುಳ, ಆಟ, ಹೊಟ್ಟೆಪಾಡು ಎಲ್ಲ ಯಾರ ಒಪ್ಪಿಗೆಗೂ ಕಾಯದೆ ಪುಟಗಳಲ್ಲಿ ತುಂಬಿಕೊಂಡಿವೆ. ಕನ್ನಡದಲ್ಲಿ ಇಂಥ ಪುಸ್ತಕ ಇನ್ನೂ ಬರಬೇಕು. ಕ್ರಿಸ್ತನ ಕೊನೆಯ ದಿನದ ಮೇಲೆ ಗೋವಿಂದ ಪೈಗಳ ‘ಗೊಲ್ಗೊಥಾ’ ನಮ್ಮಲ್ಲಿದೆ. ಕ್ರಿಸ್ತನ ಕೇರಿಯ ದಿನಗಳ ಮೇಲೆ ಬಂದದ್ದು ಕಡಿಮೆ. ಮೋಗ್ಲಿಂಗ್ ಅಂದಕೂಡಲೇ ನಮಗೆ 1843ರ ‘ಮಂಗಳೂರ ಸಮಾಚಾರ’ ನೆನಪಾಗುತ್ತದೆ. ಅವನ ಕೈಯಲ್ಲಿ ದೀಕ್ಷೆ ಪಡೆದ ಸಾರಸ್ವತ ಬ್ರಾಹ್ಮಣ ಕೌಂಡಿನ್ಯನ ಹೆಸರೂ ಚರಿತ್ರೆಯಲ್ಲಿದೆ. ಆಮೇಲೆ ಮೋಗ್ಲಿಂಗ್ ಕೊಡಗಿಗೆ ಹೋಗಿ ಆನಂದಪುರದಲ್ಲಿ ಹೊಲೆಯರ ನಡುವೆ ಕೆಲಸ ಮಾಡಿದ. ಜೀತದಿಂದ ಬಂದ ಆ ಹೊಲೆಯರು ಯೇಸುವಿನಲ್ಲಿ ಏನನ್ನು ಕಂಡರು? ಕೇಳಿದವರು ಯಾರು?

ಚರ್ಚಿನ ಒಳಗಿನ ಮಾತಿಗೆ ಬರೋಣ. ಪವಿತ್ರ ಗುರುವಾರದ ದಿನ ಸ್ವಾಮಿಗಳು ಹನ್ನೆರಡು ಜನರ ಕಾಲು ತೊಳೆಯುವ ವಿಧಿ ಇದೆ. ನಾನು ಕಂಡ ಒಂದು ಊರಿನಲ್ಲಿ, ಹೆಸರು ಬೇಡ, ಆ ಹನ್ನೆರಡು ಜನರ ಪಟ್ಟಿಯಲ್ಲಿ ಕಮಿಟಿಯವರು, ವಂತಿಗೆ ಹೆಚ್ಚು ಕೊಟ್ಟವರು ಇರುತ್ತಿದ್ದರು. ಅವರು ಹಿಂದಿನ ದಿನವೇ ಕಾಲು ಉಜ್ಜಿ ತೊಳೆದುಕೊಂಡು ಬರುತ್ತಿದ್ದರು! ಚರ್ಚು ಗುಡಿಸುತ್ತಿದ್ದ ನಮ್ಮ ಕೇರಿಯ ಹೆಂಗಸರ ಒಡೆದ ಹಿಮ್ಮಡಿ ಆ ಪಟ್ಟಿಗೆ ಬರುವಂತೆಯೇ ಇರಲಿಲ್ಲ. ಹೆಂಗಸರ ಕಾಲನ್ನೂ ತೊಳೆಯಬಹುದು ಎಂದು ರೋಮಿನಿಂದ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೆ ಮೊದಲು, 2013ರಲ್ಲಿ, ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗಿಯರ, ಮುಸ್ಲಿಮರ ಕಾಲನ್ನೂ ತೊಳೆದಿದ್ದರು. ಒಳ್ಳೆಯದೇ. ಆದರೆ ತಿರುಚ್ಚಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಹೆಣಕ್ಕೂ ಉಳಿದವರ ಹೆಣಕ್ಕೂ ನಡುವೆ ಗೋಡೆ ಎದ್ದದ್ದು ರೋಮಿನ ಅಪ್ಪಣೆಯಿಂದಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ, ದೇಶದ 1 ಕೋಟಿ 90 ಲಕ್ಷ ಕ್ಯಾಥೊಲಿಕರಲ್ಲಿ 1 ಕೋಟಿ 20 ಲಕ್ಷ ಜನ ದಲಿತರು, ಅವರ ಮೇಲೆ ಚರ್ಚಿನೊಳಗೇ ಭೇದ ನಡೆಯುತ್ತಿದೆ ಎಂದು ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡಿತು. ದಲಿತರೊಬ್ಬರು, ಹೈದರಾಬಾದಿನ ಅಂತೋನಿ ಪೂಲ, ಮೊದಲ ಬಾರಿಗೆ ಕಾರ್ಡಿನಲ್ ಆದದ್ದು 2022ರಲ್ಲಿ.

ಈಗ ಇನ್ನೊಬ್ಬ ಮೋಚಿಯ ಕತೆ. ಇದು ಕಲ್ಪಿತ ಅಲ್ಲ, ಸುಪ್ರೀಂ ಕೋರ್ಟಿನ ದಾಖಲೆಯಲ್ಲಿರುವುದು. ಮದರಾಸಿನ ಜನರಲ್ ಕಾಲಿನ್ಸ್ ರಸ್ತೆಯ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಸೂಸೈ. ಹುಟ್ಟಿನಿಂದ ಆದಿದ್ರಾವಿಡ, ನಂಬಿಕೆಯಿಂದ ಕ್ರೈಸ್ತ. ಅವನಿಗೆ ನೆಲಮಾಳಿಗೆಯ ಕೋಣೆಯೂ ಇಲ್ಲ, ಕಿಟಕಿಯೂ ಇಲ್ಲ. ಬಿಸಿಲು ಮಳೆಯಲ್ಲೇ ಕೆಲಸ. ರಸ್ತೆ ಬದಿಯ ಚಮ್ಮಾರರಿಗೆ ಸರ್ಕಾರ ಪೆಟ್ಟಿಗೆ ಅಂಗಡಿಗಳನ್ನು ಉಚಿತವಾಗಿ ಕೊಡಲು ಹೊರಟಿತು. ಅದೇ ಜಾತಿಯ, ಅದೇ ಕಸುಬಿನ ಹಿಂದೂಗಳಿಗೆ ಸಿಕ್ಕಿತು. ಕ್ರೈಸ್ತನಾದ್ದರಿಂದ ಸೂಸೈಗೆ ಸಿಗಲಿಲ್ಲ. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪರಿಚ್ಛೇದದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಾಗಲಾರ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತ ಮುಸ್ಲಿಂ ದಲಿತರಿಗೆ ಇಲ್ಲ. ಸೂಸೈ ಕೋರ್ಟಿಗೆ ಹೋದ. 1985ರ ಸೆಪ್ಟೆಂಬರಿನಲ್ಲಿ, ಅಂದರೆ ಟಾಲ್‌ಸ್ಟಾಯ್‌ನ ಮೋಚಿ ಹುಟ್ಟಿ ಸರಿಯಾಗಿ 100 ವರ್ಷಕ್ಕೆ, ತೀರ್ಪು ಬಂತು. ಮತಾಂತರದ ಮೇಲೂ ಜಾತಿ ಉಳಿದಿದೆ ಅಂದರೆ ಸಾಲದು, ಅದರ ಹಿಂಸೆ ಹೊಸ ಧರ್ಮದೊಳಗೂ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಅಂತ ಆಧಾರ ಸಮೇತ ತೋರಿಸಬೇಕು. ಅಂಥ ಆಧಾರ ಮುಂದಿಲ್ಲ ಎಂಬ ಕಾರಣಕ್ಕೆ ಅರ್ಜಿ ವಜಾ ಆಯಿತು.

ಆಧಾರ ಯಾರ ಹತ್ತಿರ ಇತ್ತು? ಬೇರೆ ಬೆಂಚು, ಬೇರೆ ಸ್ಮಶಾನ ನೋಡಿಕೊಂಡು ಬಂದ ಚರ್ಚಿನ ಹತ್ತಿರ ಇತ್ತು. ಆದರೆ ‘ಕ್ರಿಸ್ತನಲ್ಲಿ ಜಾತಿಯಿಲ್ಲ’ ಅನ್ನುವುದು ಅದರ ಹೆಮ್ಮೆಯ ಮಾತು. ಪುಲ್ಪಿಟ್ಟಿನಲ್ಲಿ ವಿಶ್ವಾಸವಾಗಿದ್ದ ಆ ಮಾತು ಸರ್ಕಾರಕ್ಕೆ ಒಳ್ಳೆಯ ನೆವವಾಯಿತು. ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ, ಮತ್ತೆ ಯಾಕೆ ಪೆಟ್ಟಿಗೆ ಅಂಗಡಿ? ಮೋಚಿಯನ್ನು ದೇವರ ಮಗ ಎಂದು ಕಾಣುವುದರಲ್ಲಿ ಚರ್ಚು ಎಷ್ಟು ಮುಳುಗಿತ್ತೆಂದರೆ ಅವನು ಮಾದಿಗನೋ ಪರಯನೋ ಆಗಿ ರಸ್ತೆಯಲ್ಲಿ ಕೂತಿದ್ದು ಅದಕ್ಕೆ ಕಾಣಿಸಲಿಲ್ಲ. ಆಮೇಲೆ ಚರ್ಚುಗಳೂ ಬೀದಿಗಿಳಿದಿವೆ, ಮೆರವಣಿಗೆ ಮಾಡಿವೆ, ಅದನ್ನೂ ಹೇಳಬೇಕು. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಆ ಮೂರನೆಯ ಪರಿಚ್ಛೇದವನ್ನು ತೆಗೆಯಿರಿ ಎಂದು ವರದಿ ಕೊಟ್ಟಿತು. ಸರ್ಕಾರ ಅದನ್ನು ಒಪ್ಪಲಿಲ್ಲ. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ಮಾಡಿತು.

ಸೂಸೈಯ ಅರ್ಜಿಯನ್ನು ನಾನು ಒಂದು ದೈವಶಾಸ್ತ್ರದ ಪಠ್ಯವಾಗಿಯೇ ಓದುತ್ತೇನೆ. ಅದರಲ್ಲಿ ಅವನು ತನ್ನ ಯೇಸುವನ್ನು ಬಿಡುವುದಿಲ್ಲ. ಬಿಟ್ಟಿದ್ದರೆ ಪೆಟ್ಟಿಗೆ ಅಂಗಡಿ ಸಿಗಬಹುದಾಗಿತ್ತು. ಹಾಗೆ ಕಾಗದದ ಮೇಲೆ ಹಿಂದೂ ಆಗಿ, ಮನೆಯೊಳಗೆ ಶಿಲುಬೆ ಇಟ್ಟುಕೊಂಡಿರುವವರು ನಮ್ಮ ಕೇರಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರನ್ನು ನಾನು ದೂರುವುದಿಲ್ಲ. ಇವನು ತನ್ನ ಜಾತಿಯನ್ನೂ ಮುಚ್ಚಿಡುವುದಿಲ್ಲ. ನಾನು ಕ್ರೈಸ್ತ, ನಾನು ಆದಿದ್ರಾವಿಡ, ನಾನು ಚಪ್ಪಲಿ ಹೊಲಿಯುವವನು, ಈ ಮೂರೂ ನಾನೇ, ನನ್ನನ್ನು ಇಡಿಯಾಗಿ ನೋಡಿ ಎನ್ನುವ ಅರ್ಥ ಅದರಲ್ಲಿದೆ. ಮಾರ್ಟಿನ್‌ನ ಹಾಗೆ ಅವನೂ ಬೀದಿಯ ಕಾಲುಗಳ ಎತ್ತರದಲ್ಲೇ ಕೂತವನು. ನ್ಯಾಯಾಧೀಶರ ಬೂಟು, ಪಾದ್ರಿಗಳ ಬೂಟು, ಸರ್ವೆ ಮಾಡಲು ಬಂದ ಗುಮಾಸ್ತರ ಚಪ್ಪಲಿ, ಯಾರದು ಎಲ್ಲಿ ಸವೆದಿದೆ ಅಂತ ಅವನಿಗೆ ಗೊತ್ತಿರುತ್ತದೆ.